ಹಾಲು ಇಳಿಸುವ ಕೈ

ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಶಾಲೆಯ ಗೋಡೆಯ ಮೇಲೆ ಬರೆದಿರುತ್ತಾರೆ, ಕಾಪಿ ಪುಸ್ತಕದಲ್ಲಿ ತಿದ್ದಿಸುತ್ತಾರೆ, ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳ ಕಿವಿಯಲ್ಲೂ ಹೇಳಿ ಕಳಿಸುತ್ತಾರೆ. ಆದರೆ ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ, ಚಾಪೆಯ ಮೇಲೆ ಒಂದು ಕೂಸು ಅಳುತ್ತಿರುವಾಗ, ಇನ್ನೊಂದು ಮಗು ರಾಗಿಹಿಟ್ಟಿನ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿ ಅದರ ಮೇಲೆ ನೀರು ಸುರಿಯುತ್ತಿರುವಾಗ ತಾಳುವುದು ಹೇಗೆ ಎಂದು ಮಾತ್ರ ಆ ಗಾದೆ ಹೇಳುವುದಿಲ್ಲ. ಗಾದೆ ಕಟ್ಟಿದವರು ಆ ಹೊತ್ತಿಗೆ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಿರಬೇಕು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಕಾವೇರಿ, ಕಪಿಲೆ ಕೂಡುವ ತಿ. ನರಸೀಪುರ ತಾಲ್ಲೂಕು ನಮ್ಮದು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಆಗ ಕರ್ನಾಟಕದಲ್ಲಿ ಮೊದಲು ಅಂಗನವಾಡಿಯ ಬಾಗಿಲು ತೆರೆದದ್ದು ನಮ್ಮ ತಾಲ್ಲೂಕಿನಲ್ಲೇ. ನಾನು ಕೆಲಸಕ್ಕೆ ಸೇರಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಒಂದು ಕೋಣೆ, ಅಡುಗೆಗೊಂದು ಮೂಲೆ, ಒಂದು ತೂಕದ ತಕ್ಕಡಿ, ಮೂರರಿಂದ ಆರು ವರ್ಷದ ಇಪ್ಪತ್ತೈದು ಮಕ್ಕಳು, ಒಬ್ಬ ಸಹಾಯಕಿ, ನಾನು. ಮನೆಯಲ್ಲಿ ಒಂದು ಮಗು ರಚ್ಚೆ ಹಿಡಿದರೆ ಅದು ರಚ್ಚೆ. ಇಪ್ಪತ್ತೈದು ಮಕ್ಕಳ ನಡುವೆ ಒಂದು ಮಗು ರಚ್ಚೆ ಹಿಡಿದರೆ ಅದು ಜಾತ್ರೆ.

ಅಲ್ಲಿ ನಾನು ಕಲಿತ ಮೊದಲ ಪಾಠ ಇದು: ಮಗು ಕಿತಾಪತಿ ಮಾಡಿದಾಗ ಮೊದಲು ಗಡಿಯಾರ ನೋಡಬೇಕು, ಆಮೇಲೆ ಮಗುವಿನ ಹೊಟ್ಟೆ ನೋಡಬೇಕು. ಒಬ್ಬ ಹುಡುಗನಿದ್ದ. ದಿನಾ ಬೆಳಗ್ಗೆ ಪಕ್ಕದಲ್ಲಿ ಕೂತವರನ್ನು ಕಚ್ಚುತ್ತಿದ್ದ. ಊಟವಾದ ಮೇಲೆ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ವಿಚಾರಿಸಿದರೆ, ಅದು ನಾಟಿಯ ಕಾಲ. ಅವನ ತಾಯಿ ಕತ್ತಲಿರುವಾಗಲೇ ಗದ್ದೆಗೆ ಹೋಗುತ್ತಿದ್ದಳು. ಮಗು ರಾತ್ರಿ ಉಂಡದ್ದು, ಮತ್ತೆ ತುತ್ತು ಕಂಡದ್ದು ನಮ್ಮಲ್ಲೇ. ಅವನು ಬಂದ ಕೂಡಲೇ ಒಂದು ಹಿಡಿ ನೆನೆಸಿದ ಹೆಸರುಕಾಳು, ಒಂದು ಚೂರು ಬೆಲ್ಲ ಕೈಗೆ ಕೊಡತೊಡಗಿದೆವು. ಕಚ್ಚುವುದು ನಿಂತಿತು. ಅಷ್ಟು ದಿನ ಎಲ್ಲರೂ ಅವನನ್ನು ನಾಯಿಮರಿ ಎಂದು ಕರೆಯುತ್ತಿದ್ದರು. ಅವನಿಗೆ ಹಸಿವಾಗಿತ್ತು, ಅಷ್ಟೇ.

ಎರಡನೆಯ ಪಾಠ ಕಲಿಸಿದವಳು ನಾಲ್ಕು ವರ್ಷದ ಒಬ್ಬ ಹುಡುಗಿ. "ಯಾರನ್ನೂ ಹೊಡೀಬಾರ್ದು" ಎಂದು ನಾನು ಹೇಳಿಕೊಟ್ಟದ್ದನ್ನು ರಾಗವಾಗಿ ಹೇಳುತ್ತಲೇ ಗೆಳತಿಗೆ ಒಂದು ಬಿಟ್ಟಳು. ಸಹಾಯಕಿಗೆ ನಗು ತಡೆಯಲಾಗಲಿಲ್ಲ. ಆದರೆ ಆ ಮಗು ನಮ್ಮನ್ನು ಅಣಕಿಸುತ್ತಿರಲಿಲ್ಲ. ಹೊಡೆಯಬಾರದೆಂದು ಅವಳಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಮ್ಮ ಹಣೆಯ ಹಿಂದೆ ಇರುವ ಮೆದುಳಿನ ಭಾಗವೇ 'ತಡಿ, ಯೋಚನೆ ಮಾಡು' ಎಂದು ಕೈಕಾಲನ್ನು ಹಿಡಿದು ನಿಲ್ಲಿಸುವುದು. ಅದು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ, ಇಪ್ಪತ್ತೈದರ ಆಸುಪಾಸಿನಲ್ಲಿ ಎನ್ನುತ್ತಾರೆ ವೈದ್ಯರು. ಮೂರು ನಾಲ್ಕು ವರ್ಷದ ಮಗುವಿನಲ್ಲಿ ಅದು ಈಗಷ್ಟೇ ಮೊಳಕೆ. ಬ್ರೇಕು ಇನ್ನೂ ಕೂರಿಸದ ಸೈಕಲ್ಲನ್ನು ಇಳಿಜಾರಿನಲ್ಲಿ ಬಿಟ್ಟು, ಯಾಕೆ ನಿಲ್ಲಲಿಲ್ಲ ಎಂದು ಸೈಕಲ್ಲಿಗೆ ಬೈದರೇನು ಬಂತು? ಅಲ್ಲಿಯವರೆಗೆ ದೊಡ್ಡವರ ಕೈಯೇ ಅದಕ್ಕೆ ಬ್ರೇಕು.

ಹಾಗಾದರೆ ದೊಡ್ಡವರಿಗೆ ಬ್ರೇಕು ಯಾರು? ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಅದಕ್ಕೆ ಮೊದಲು ನಿಮಗೆಲ್ಲ ಗೊತ್ತಿರುವ ಒಂದು ಕಥೆಯನ್ನು ನೆನಪಿಸಿಕೊಳ್ಳೋಣ.

ಯಶೋದೆ ಕೃಷ್ಣನನ್ನು ಒರಳಿಗೆ ಕಟ್ಟಿದ ಕಥೆ ಮಕ್ಕಳಿಗೂ ಗೊತ್ತು. ಬೆಣ್ಣೆ ಕದ್ದ, ಕಟ್ಟಿಹಾಕಿದಳು ಎಂದು ಎರಡೇ ಮಾತಿನಲ್ಲಿ ಮುಗಿಸುತ್ತೇವೆ. ಆದರೆ ಭಾಗವತದ ಹತ್ತನೆಯ ಸ್ಕಂಧದಲ್ಲಿ ಅದು ಇನ್ನೂ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಆ ದಿನ ಮನೆಯ ಕೆಲಸದವರೆಲ್ಲ ಬೇರೆ ಬೇರೆ ಕೆಲಸಕ್ಕೆ ಹೋಗಿದ್ದರು. ಯಶೋದೆ ತಾನೇ ಮೊಸರು ಕಡೆಯುತ್ತಿದ್ದಳು. ಮಗು ಹಾಲಿಗೆಂದು ಬಂದು ಕಡೆಗೋಲು ಹಿಡಿದುಕೊಂಡಿತು. ಅವಳು ತೊಡೆಯ ಮೇಲೆ ಮಲಗಿಸಿಕೊಂಡು ಹಾಲೂಡಿಸತೊಡಗಿದಳು. ಅಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿತು. ಮಗುವಿನ ಹೊಟ್ಟೆ ಇನ್ನೂ ತುಂಬಿರಲಿಲ್ಲ. ಅವಳು ಅವನನ್ನು ಕೆಳಗೆ ಬಿಟ್ಟು ಒಲೆಯ ಕಡೆಗೆ ಓಡಿದಳು.

ಮೊಸರಿನ ಗಡಿಗೆ ಒಡೆದದ್ದು ಆಗ. ಮಗುವಿಗೆ ಸಿಟ್ಟು ಬಂತು, ಕಲ್ಲೆತ್ತಿ ಹಾಕಿತು. ಆಮೇಲೆ ಬೆಣ್ಣೆ ತಿಂದು, ಬೋರಲು ಹಾಕಿದ ಒರಳಿನ ಮೇಲೆ ನಿಂತು ಕೋತಿಗಳಿಗೂ ಹಂಚಿತು. ಯಶೋದೆ ಕೋಲು ಹಿಡಿದು ಬಂದಳು. ಅವನು ಓಡಿದ, ಅವಳು ಅಟ್ಟಿಸಿಕೊಂಡು ಹೋದಳು, ಮುಡಿದ ಹೂವೆಲ್ಲ ಉದುರಿತು, ಕೊನೆಗೆ ಸಿಕ್ಕಿದ. ಕಣ್ಣುಜ್ಜಿಕೊಂಡು ಅಳುತ್ತಿದ್ದ ಮಗುವಿನ ಮುಖದಲ್ಲಿ ಕಾಡಿಗೆಯೆಲ್ಲ ಹರಡಿತ್ತು. ಮಗು ಹೆದರಿದೆ ಎಂದು ತಿಳಿದ ಕ್ಷಣವೇ ಅವಳು ಕೋಲನ್ನು ಎಸೆದುಬಿಟ್ಟಳು.

ಆದರೆ ಹಾಗೇ ಬಿಡಲೂ ಇಲ್ಲ, ಕಟ್ಟಲು ಹಗ್ಗ ತಂದಳು. ಹಗ್ಗ ಎರಡು ಬೆರಳಷ್ಟು ಸಾಲದೆ ಬಂತು. ಇನ್ನೊಂದು ಹಗ್ಗ ಸೇರಿಸಿದಳು, ಮತ್ತೂ ಎರಡು ಬೆರಳು ಸಾಲದು. ಮನೆಯ ಹಗ್ಗವೆಲ್ಲ ಮುಗಿಯಿತು. ಬೆವರಿ ಸುಸ್ತಾದ ತಾಯಿಯನ್ನು ನೋಡಿ ಮಗುವಿಗೇ ಕನಿಕರ ಬಂದು, ತಾನಾಗಿ ಕಟ್ಟಿಸಿಕೊಂಡಿತು. ದಾಮೋದರ ಎಂಬ ಹೆಸರು ಬಂದದ್ದು ಇದರಿಂದಲೇ. ದಾಮ ಎಂದರೆ ಹಗ್ಗ, ಉದರ ಎಂದರೆ ಹೊಟ್ಟೆ.

ಭಕ್ತರು ಇದರಲ್ಲಿ ಭಗವಂತನನ್ನು ಕಾಣುತ್ತಾರೆ. ಮಕ್ಕಳ ಜೊತೆ ಜೀವ ಸವೆಸಿದ ನನಗೆ ಇದರಲ್ಲಿ ಒಂದು ಮನೆ ಕಾಣುತ್ತದೆ. ತುಂಟತನಕ್ಕೆ ಕಾರಣ ಇತ್ತು, ಅರ್ಧಕ್ಕೆ ಬಿಟ್ಟ ಹಾಲು. ತಾಯಿಯ ತಪ್ಪೂ ಇರಲಿಲ್ಲ, ಹಾಲು ಉಕ್ಕಿದರೆ ಯಾರಾದರೂ ಓಡಲೇಬೇಕು. ಅವಳು ಕೋಲು ಎಸೆದಳು, ಆದರೆ ಹಗ್ಗ ಎಸೆಯಲಿಲ್ಲ. ಹೊಡೆಯುವುದು ಬೇರೆ, ಹದ್ದಿನಲ್ಲಿಡುವುದು ಬೇರೆ. ಇನ್ನೊಂದು ವಿಷಯವನ್ನು ಮಾತ್ರ ನಾವು ಗಮನಿಸುವುದೇ ಇಲ್ಲ. ಆ ಹೊತ್ತು ಮನೆಯಲ್ಲಿ ಹಾಲು ಇಳಿಸಲು ಇನ್ನೊಂದು ಕೈ ಇರಲಿಲ್ಲ. ಇದ್ದಿದ್ದರೆ ಗಡಿಗೆ ಉಳಿಯುತ್ತಿತ್ತು. ನಮಗೆ ಕಥೆ ಇರುತ್ತಿರಲಿಲ್ಲ, ಅದು ಬೇರೆ ಮಾತು.

ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯ ಬಸ್ ಕಂಡಕ್ಟರ್, ಪಾಳಿಯ ಕೆಲಸ. ಮಗಳು ಎರಡನೆಯ ಹೆರಿಗೆಯ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಳು. ಮೊಮ್ಮಗನಿಗೆ ಆಗ ನಾಲ್ಕೂವರೆ ವರ್ಷ, ಅವನ ತಂಗಿಗೆ ಏಳು ತಿಂಗಳು. ಪಾಪುವಿನ ಕಿವಿ ಚುಚ್ಚಿಸಿದ ದಿನದಿಂದ ಹುಡುಗ ಯಾಕೋ ಬದಲಾಗಿದ್ದ. ರಾಗಿಹಿಟ್ಟು ಚೆಲ್ಲಿದವನು ಅವನೇ. ಚಪ್ಪಲಿಗಳನ್ನು ನೀರಿನ ಡ್ರಮ್ಮಿಗೆ ಹಾಕಿದ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಯಿತು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ನಾಲಿಗೆ ಚಾಚುತ್ತಿದ್ದ. ಅಕ್ಕಪಕ್ಕದವರು "ಅಜ್ಜಿ ಸಲಿಗೆ ಜಾಸ್ತಿಯಾಯ್ತು" ಎಂದರು. ಫೋನಿನಲ್ಲಿ ಬೀಗರು "ನಾಲ್ಕು ಬಿಟ್ಟರೆ ಸರಿಹೋಗ್ತಾನೆ" ಎಂದರು.

ಒಂದು ಸಂಜೆ ನಾನು ತಾರಸಿಯಿಂದ ಒಣಗಿದ ಬಟ್ಟೆ ತೆಗೆದುಕೊಂಡು ಇಳಿಯುತ್ತಿದ್ದೆ. ಪಾಪು ಕಿರುಚಿದ್ದು ಮೆಟ್ಟಿಲಿಗೇ ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ, ಕೂಸಿನ ಕೆನ್ನೆಯ ಮೇಲೆ ಎರಡು ಉಗುರಿನ ಗುರುತು, ರಕ್ತ ಜಿನುಗುತ್ತಿತ್ತು. ಮಗಳು ಅಡುಗೆಮನೆಯಿಂದ ಓಡಿಬಂದಿದ್ದಳು. ಹುಡುಗ ಅಲ್ಲೇ ನಿಂತಿದ್ದ. ಅವಳ ಕೈ ಮೇಲೆದ್ದಿತ್ತು. ಅವನು ಕಣ್ಣು ಮುಚ್ಚಿ ಭುಜ ಎತ್ತಿ ಕುಗ್ಗಿಕೊಂಡ. ಆ ಮುಖ ನೋಡಿ ಅವಳ ಕೈ ಎತ್ತಿದಲ್ಲೇ ನಿಂತಿತು. ನಡುಗುತ್ತಿತ್ತು. ಒಳಗಡೆ ಹಾಲು ಉಕ್ಕಿ ಸೀದ ವಾಸನೆ ಬರುತ್ತಿತ್ತು.

ನಾನು ಏನೂ ಮಾತಾಡಲಿಲ್ಲ. ಬಟ್ಟೆಯನ್ನು ನೆಲಕ್ಕೆ ಹಾಕಿ ಒಲೆ ಆರಿಸಿದೆ, ಹಾಲು ಇಳಿಸಿದೆ, ಬಂದು ಕೂಸನ್ನು ಎತ್ತಿಕೊಂಡು ಕೆನ್ನೆ ಒರೆಸಿದೆ. ಮಗಳಿಗೆ ಇನ್ನು ನೋಡಲು ಒಂದೇ ಮಗು ಉಳಿಯಿತು. ಅವಳು ನೆಲದ ಮೇಲೆ ಕೂತಳು. ಅವನ ಎರಡೂ ಕೈಯನ್ನು ಮೆಲ್ಲಗೆ, ಆದರೆ ಬಿಡದಂತೆ ಹಿಡಿದುಕೊಂಡು, "ಪಾಪೂನ ಚಿವುಟೋಕೆ ನಾನು ಬಿಡಲ್ಲ" ಎಂದಳು.

"ನೀನು ಕೆಟ್ಟ ಅಮ್ಮ!"

"ಆಯ್ತು. ಆದ್ರೂ ಬಿಡಲ್ಲ."

ಒದ್ದ, ಕಿರುಚಿದ, ಅವಳ ಸೀರೆಗೆ ಉಗುಳಿದ. ಅವಳು ಉಪದೇಶ ಮಾಡಲಿಲ್ಲ. ರಚ್ಚೆಯ ಮಧ್ಯೆ ಹೇಳುವ ಬುದ್ಧಿಮಾತು ಜೋರು ಮಳೆಯಲ್ಲಿ ಒಣಹಾಕಿದ ಹಪ್ಪಳದ ಹಾಗೆ, ಒಂದೂ ಉಳಿಯುವುದಿಲ್ಲ. ಸುಮ್ಮನೆ ಹಿಡಿದು ಕೂತಿದ್ದಳು. ಕಾಲು ಗಂಟೆಗೂ ಹೆಚ್ಚಾಯಿತು. ಆಮೇಲೆ ಅವನ ಮೈ ಸಡಿಲವಾಯಿತು. ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಬಿಕ್ಕುತ್ತಾ ಕೇಳಿದ:

"ನನ್ನನ್ನ ಯಾವಾಗ ವಾಪಸ್ ಕೊಡ್ತೀರಾ?"

"ಎಲ್ಲಿಗೆ ಕಂದ?"

"ಸಂತೆಗೆ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಕಿವಿ ಚುಚ್ಚಿಸಿದ ದಿನ ಬಂದ ನೆಂಟರೊಬ್ಬರು ಅವನ ಕೆನ್ನೆ ಹಿಂಡಿ, "ನಿನ್ನನ್ನ ಸಂತೇಲಿ ಒಂದು ಸೇರು ತೌಡು ಕೊಟ್ಟು ತಂದದ್ದು. ಈಗ ಸ್ವಂತ ಪಾಪು ಬಂತಲ್ಲ, ವಾಪಸ್ ಕೊಟ್ಟುಬಿಡ್ತಾರೆ" ಎಂದಿದ್ದರಂತೆ. ಸುತ್ತ ಕೂತವರು ನಕ್ಕರಂತೆ. ಇವನೂ ನಕ್ಕನಂತೆ. ನಕ್ಕು, ಆ ಮಾತನ್ನು ನುಂಗಿಕೊಂಡು, ಹದಿನೈದು ದಿನ ಒಬ್ಬನೇ ಹೊತ್ತುಕೊಂಡು ತಿರುಗಿದ್ದಾನೆ. ಸಂತೆಗೆ ಯಾವ ದಿನ ಹೊರಡಿಸುತ್ತಾರೋ ಎಂದು ಕಾಯುತ್ತಾ, ಇವರು ನನ್ನನ್ನು ಎಲ್ಲಿಯವರೆಗೆ ಇಟ್ಟುಕೊಳ್ಳುತ್ತಾರೆ ಎಂದು ಒಂದೊಂದೇ ಡಬ್ಬಿ ಬೋರಲು ಹಾಕಿ ನೋಡಿದ್ದಾನೆ. ಈ ತೌಡಿನ ತಮಾಷೆ ನಮ್ಮ ಕಡೆ ಹಳೆಯದು. ದೊಡ್ಡವರ ಬಾಯಲ್ಲಿ ಅದು ತಮಾಷೆ, ನಾಲ್ಕು ವರ್ಷದ ಕಿವಿಗೆ ಅದು ಸುದ್ದಿ.

ಮಗಳು ಅಳಲಿಲ್ಲ, ಆ ನೆಂಟರನ್ನು ಬೈಯಲಿಲ್ಲ. ಎದ್ದುಹೋಗಿ ಬೀರು ತೆಗೆದು, ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಅವನ ತಾಯಿ ಕಾರ್ಡನ್ನು ತಂದಳು. ಮಕ್ಕಳೇ, ನಿಮಗೂ ಇಂಥ ಒಂದು ಕಾರ್ಡು ಇರಬಹುದು, ಅಮ್ಮನನ್ನು ಕೇಳಿ ನೋಡಿ. ತಾಯಿ ಬಸುರಿಯಾದಾಗ ಆರೋಗ್ಯ ಇಲಾಖೆಯವರು ಮಾಡಿಕೊಡುತ್ತಾರೆ. ಮಗು ಹುಟ್ಟಿದ ತಾರೀಖು, ತೂಕ, ಹಾಕಿಸಿದ ಲಸಿಕೆ ಎಲ್ಲ ಅದರಲ್ಲಿರುತ್ತದೆ. ನನ್ನ ಕೆಲಸದ ದಿನಗಳಲ್ಲಿ ಅಂಥ ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಒಂದು ಮಗುವಿನ ಎದೆಭಾರ ಇಳಿಸಲು ಅದು ಬಳಕೆಯಾದದ್ದನ್ನು ಅವತ್ತೇ ನೋಡಿದ್ದು.

"ಸಂತೇಲಿ ತಂದವರಿಗೆ ಇದನ್ನ ಕೊಡಲ್ಲ ಕಂದ. ನೀನು ಹೊಟ್ಟೇಲಿರುವಾಗಲೇ ಇದನ್ನ ಮಾಡಿಸಿದ್ದು. ನೋಡು, ಹುಟ್ಟಿದಾಗ ನೀನು ಎರಡು ಕೆಜಿ ಏಳುನೂರು ಗ್ರಾಂ. ಇಲ್ಲಿ ನೋಡು, ಒಂದೂವರೆ ತಿಂಗಳಿಗೆ ಸೂಜಿ. ಎರಡೂವರೆಗೆ, ಮೂರೂವರೆಗೆ. ಒಂಬತ್ತು ತಿಂಗಳಿಗೆ ಹಾಕಿಸಿದಾಗ ನೀನು ಅತ್ತೆ, ಅಪ್ಪನೂ ಅತ್ತರು."

ಅಪ್ಪ ಅತ್ತದ್ದು ಕೇಳಿ ಅವನಿಗೆ ನಗು ಬಂತು. ಒಂದೊಂದೇ ತಾರೀಖಿನ ಮೇಲೆ ಬೆರಳಿಟ್ಟು ಕೆಳಗಿಳಿದ. ಕೊನೆಯ ಹತ್ತಿರ ಒಂದು ಮನೆ ಖಾಲಿಯಿತ್ತು.

"ಇದ್ಯಾಕೆ ಖಾಲಿ?"

"ಅದು ಐದು ವರ್ಷಕ್ಕೆ ಹಾಕಿಸೋದು. ಮುಂದಿನ ವರ್ಷ ಹೋಗೋಣ."

ಅವನು ಆ ಖಾಲಿ ಮನೆಯ ಮೇಲಿನ ಬೆರಳನ್ನು ತೆಗೆಯದೆ ಅಮ್ಮನ ಮುಖ ನೋಡಿದ. "ಹಾಗಾದ್ರೆ ಐದು ವರ್ಷ ಆದ್ಮೇಲೂ ನಾನು ಇಲ್ಲೇ ಇರ್ತೀನಾ?"

ನಾನು ಕೂಸನ್ನೆತ್ತಿಕೊಂಡು ಕಿಟಕಿಯ ಕಡೆ ತಿರುಗಿದೆ.

ಹೆತ್ತ ಮಗುವಾಗಲಿ, ದತ್ತು ತಂದು ಸಾಕಿದ ಮಗುವಾಗಲಿ, ಕೇಳುವ ಪ್ರಶ್ನೆ ಇದೊಂದೇ: ನಾನು ಹೀಗೆಲ್ಲ ಮಾಡಿದರೂ ನಿಮ್ಮವನೇ ತಾನೇ? ಬಾಯಲ್ಲಿ ಕೇಳಲು ಬಾರದ ಮಗು ಕೈಯಲ್ಲಿ ಕೇಳುತ್ತದೆ, ಹಲ್ಲಿನಲ್ಲಿ ಕೇಳುತ್ತದೆ. ಅವತ್ತು ಎತ್ತಿದ ಕೈ ಕೆಳಗೆ ಬಿದ್ದಿದ್ದರೆ ಹುಡುಗ ಸುಮ್ಮನಾಗುತ್ತಿದ್ದ, ಅನುಮಾನವಿಲ್ಲ. ಸಂತೆಯ ಮಾತು ಮಾತ್ರ ಅವನ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ನಮ್ಮ ಕಾಲದವರು ದಂಡಂ ದಶಗುಣಂ ಎಂದು ಕೇಳುತ್ತಾ ಬೆಳೆದವರು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಸಂಜೆ ಆರೂವರೆಯ ಅಡುಗೆಮನೆಯಲ್ಲಿ ಕಾಯ್ದೆ ನೆನಪಿಸಲು ಯಾರೂ ಇರುವುದಿಲ್ಲ. ದಣಿದ ತಾಯಿ, ದಣಿದ ಮಗು, ಇಬ್ಬರೇ.

ಹಾಗೆಂದು ತಾಳ್ಮೆಯೆಂದರೆ ಮಾಡಿದ್ದೆಲ್ಲ ಸರಿ ಎನ್ನುವುದಲ್ಲ. ಮರುದಿನದಿಂದ ಹುಡುಗ ಚೆಲ್ಲಿದ್ದನ್ನು ಅವನೇ ಗುಡಿಸಬೇಕು ಎಂದಾಯಿತು. ಅವನು ಗುಡಿಸಿದರೆ ಕಸ ಇನ್ನಷ್ಟು ಹರಡುತ್ತದೆ. ಆದರೂ ಪೊರಕೆ ಅವನ ಕೈಯಲ್ಲೇ. ಪಾಪುವಿನ ಹತ್ತಿರ ಅವನೊಬ್ಬನನ್ನೇ ಕೆಲವು ದಿನ ಬಿಡಲಿಲ್ಲ. ಪಾಪು ಮಲಗಿದ ಮೇಲೆ ಹತ್ತು ನಿಮಿಷ ಅಮ್ಮ ಅವನೊಬ್ಬನಿಗೇ ಎಂದು ಗೊತ್ತು ಮಾಡಿದರು. ಹಾಸಿಗೆ ಒಣಗಲು ಒಂದು ತಿಂಗಳು ಹಿಡಿಯಿತು.

ನನ್ನ ವಯಸ್ಸಿನವರಿಗೆ ಈಗ ಒಂದು ಮಾತು. ಮೊಮ್ಮಕ್ಕಳು ಹಟ ಹಿಡಿದಾಗ ನಮ್ಮ ಬಾಯಲ್ಲಿ ಎರಡು ಮಾತು ಸಿದ್ಧವಾಗಿರುತ್ತವೆ. ಒಂದು, "ನಾವೂ ಮಕ್ಕಳನ್ನ ಸಾಕಿಲ್ವಾ?" ಎಂದು ಮಗಳನ್ನೋ ಸೊಸೆಯನ್ನೋ ಚುಚ್ಚುವುದು. ಇನ್ನೊಂದು, "ಪಾಪ, ಮಗು ಬಿಡು" ಎಂದು ಅವಳ ಹಿಡಿತದಿಂದ ಮಗುವನ್ನು ಬಿಡಿಸಿಕೊಳ್ಳುವುದು. ಎರಡೂ ಉರಿಯುವ ಒಲೆಗೆ ಸೌದೆ. ನಾವು ಮಕ್ಕಳನ್ನು ಸಾಕಿದೆವು, ನಿಜ. ಆಗ ಮನೆಯಲ್ಲಿ ಅತ್ತೆ, ನಾದಿನಿ, ದೊಡ್ಡಮ್ಮ, ಪಕ್ಕದ ಮನೆಯವರು ಎಂದು ಹಾಲು ಇಳಿಸಲು ಹತ್ತು ಕೈ ಇದ್ದವು. ಇವತ್ತಿನ ತಾಯಿತಂದೆಯರಿಗೆ ತಾಳ್ಮೆ ಕಡಿಮೆ ಎನ್ನುತ್ತೇವಲ್ಲ, ಕಡಿಮೆಯಾದದ್ದು ಆ ಕೈಗಳು. ಮಾತಿಲ್ಲದೆ ಎದ್ದು ಹೋಗಿ ಒಲೆ ಆರಿಸಿ, ಒಂದು ಲೋಟ ನೀರು ತಂದು ಕೊಟ್ಟು, ಇನ್ನೊಂದು ಮಗುವನ್ನು ಎತ್ತಿಕೊಳ್ಳಿ. ಊರಿನಲ್ಲಿ ನೀವು, ದೂರದಲ್ಲಿ ಮಕ್ಕಳು ಎಂದಿದ್ದರೆ, ಸಂಜೆ ಅಡುಗೆಯ ಹೊತ್ತಿಗೆ ವಿಡಿಯೊ ಕರೆ ಮಾಡಿ ಮೊಮ್ಮಗುವಿಗೆ ಒಂದು ಕಥೆ ಹೇಳಿ. ಅಲ್ಲೂ ಅಷ್ಟರಲ್ಲಿ ಒಲೆಯ ಕೆಲಸ ಮುಗಿದಿರುತ್ತದೆ.

ಶಾಲೆಗೆ ಹೋಗುವ ಮಕ್ಕಳೇ, ಈ ಕೆಲಸಕ್ಕೆ ನೀವೇನೂ ಚಿಕ್ಕವರಲ್ಲ. ತಮ್ಮನೋ ತಂಗಿಯೋ ರಚ್ಚೆ ಹಿಡಿದಾಗ ನಗಬೇಡಿ, ದೂರು ಹೇಳಬೇಡಿ. ಬಾಗಿಲು ಯಾರೋ ತಟ್ಟುತ್ತಿದ್ದರೆ ನೀವೇ ಹೋಗಿ ನೋಡಿ. ತೌಡಿನ ತಮಾಷೆ ಮಾಡುವ ದೊಡ್ಡವರು ಸಿಕ್ಕರೆ, "ಇವನಿಗೆ ತಾಯಿ ಕಾರ್ಡ್ ಇದೆ" ಎಂದು ಹೇಳಿಬಿಡಿ. ನಿಮ್ಮ ಮನಸ್ಸಿನಲ್ಲೇ ಅಂಥ ಮಾತೊಂದು ಮುಳ್ಳಿನ ಹಾಗೆ ಕೂತಿದ್ದರೆ, ಡಬ್ಬಿ ಬೋರಲು ಹಾಕುವ ಬದಲು ಅಮ್ಮನನ್ನೋ ಅಜ್ಜಿಯನ್ನೋ ನೇರವಾಗಿ ಕೇಳಿ.

ನಮ್ಮ ಮನೆಯಲ್ಲಿ ಈಗ ಹಾಲು ಕಾಯುವ ಕೆಲಸ ಮೊಮ್ಮಗನದು. ಅಡುಗೆಮನೆಯ ಬಾಗಿಲಿನಾಚೆ ಅವನಿಗೊಂದು ಸ್ಟೂಲು. ಒಲೆಯ ಹತ್ತಿರ ಬರುವ ಹಾಗಿಲ್ಲ. ಹಾಲು ಮೇಲೇಳುತ್ತಿದ್ದ ಹಾಗೆ ಕೂಗಬೇಕು, ನಾನು ಹೋಗಿ ಇಳಿಸಬೇಕು. ಮೊನ್ನೆ ಚಪಾತಿ ಗುಂಡಗಿಲ್ಲವೆಂದು ಸ್ಟೂಲಿನಿಂದ ಇಳಿದು ನೆಲದ ಮೇಲೆ ಹೊರಳಾಡಿ ಅಳುತ್ತಿದ್ದ. ನಡುವೆ ಒಮ್ಮೆ ತಲೆಯೆತ್ತಿ "ಅಜ್ಜೀ, ಹಾಲು!" ಎಂದು ಕೂಗಿದ. ನಾನು ಒಲೆ ಆರಿಸುವವರೆಗೂ ನೋಡಿ, ಮತ್ತೆ ಅಳಲು ಶುರುಮಾಡಿದ.